ಸ್ಟಾಪ್ ಸೈನ್ ಟಿಕೆಟ್ ಬಂತಾ? ಕಟ್ಟುವ ಮುಂಚೆ ಈ ಫಾರ್ಮ್ ನೋಡಿ

ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಟ್ರಾಫಿಕ್ ಟಿಕೆಟ್ ಸರಿಯಲ್ಲ ಅನಿಸಿದರೆ ಇಲ್ಲಿ ಕೋರ್ಟಿಗೆ ಹೋಗದೆ ನಮ್ಮ ವಾದವನ್ನು ಬರೆದು ಕಳಿಸಬಹುದು. ಇದಕ್ಕೆ ಟ್ರಯಲ್ ಬೈ ರಿಟನ್ ಡಿಕ್ಲರೇಶನ್ ಅಂತಾರೆ, ಫಾರ್ಮ್ ನಂಬರ್ ಟಿಆರ್-205. ನಾನು ಬಳಸಿದೆ, ಗೆದ್ದೆ. 5ಕ್ಕೆ 4 ಕೊಡುತ್ತೇನೆ.

ಆವತ್ತು ಅಪ್ಪ ಪಕ್ಕದ ಸೀಟಿನಲ್ಲಿದ್ದರು. ಹಾಸನದಿಂದ ಬಂದು ಎರಡು ವಾರ ಆಗಿತ್ತು. ನನಗೆ ಗೊತ್ತಿಲ್ಲದ ಬೀದಿ, ಎದುರಿಗೆ ಟಿ ಆಕಾರದ ತಿರುವು. ನಿಧಾನ ಮಾಡಿ ಬಲಕ್ಕೆ ತಿರುಗಿದೆ, ನಿಲ್ಲಿಸಲಿಲ್ಲ. ಹಿಂದೆಯೇ ಕೆಂಪು-ನೀಲಿ ದೀಪ. ಅಪ್ಪ ಗಾಬರಿಯಾಗಿ ಬೆಲ್ಟ್ ಬಿಚ್ಚಲು ಹೋದರು. "ಅಪ್ಪ, ಇಳೀಬೇಡಿ, ಕೈ ಕಾಣೋ ಹಾಗೆ ಇಟ್ಕೊಳ್ಳಿ" ಅಂದೆ. ಆಫೀಸರ್ ಮರ್ಯಾದೆಯಿಂದಲೇ ಮಾತಾಡಿದರು, ಟಿಕೆಟ್ ಬರೆದರು, ನಾನು ಸಹಿ ಹಾಕಿದೆ. ಸಹಿ ಹಾಕಿದರೆ ತಪ್ಪು ಒಪ್ಪಿಕೊಂಡಂತಲ್ಲ, ಕೊನೆ ದಿನದೊಳಗೆ ಉತ್ತರ ಕೊಡುತ್ತೇನೆ ಎಂಬ ಮಾತು ಅಷ್ಟೇ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಅಲ್ಲಿ ಸ್ಟಾಪ್ ಸೈನ್ ಎಲ್ಲಿತ್ತು ಅಂತಲೇ ನನಗೆ ಗೊತ್ತಾಗಿರಲಿಲ್ಲ. ಮಾರನೆ ದಿನ ಅದೇ ಹೊತ್ತಿಗೆ ಅಪ್ಪನ ಜೊತೆ ವಾಪಸ್ ಹೋದೆ. ಫುಟ್‌ಪಾತ್ ಮೇಲಿನ ಮರದ ಕೊಂಬೆಯೊಂದು ಬೋರ್ಡಿನ ಮುಂದೆ ಪೂರಾ ಇಳಿಬಿದ್ದಿತ್ತು. ಎಲೆಗಳ ಸಂದಿಯಲ್ಲಿ ಕೆಂಪು ಅಂಚು ಸ್ವಲ್ಪ ಕಾಣುತ್ತಿತ್ತು, ಅಕ್ಷರ ಒಂದೂ ಕಾಣುತ್ತಿರಲಿಲ್ಲ. ರಸ್ತೆಯ ಮೇಲಿನ ಬಿಳಿ ಗೆರೆಯೂ ಸವೆದುಹೋಗಿತ್ತು. ಅಪ್ಪ ಟೇಪಿನ ತುದಿ ಹಿಡಿದು ನಿಂತರು, ನಾನು ಹಿಂದಕ್ಕೆ ಹೋಗುತ್ತಾ 50, 100, 150 ಅಡಿಯಿಂದ ಫೋಟೋ ತೆಗೆದೆ, ಡ್ರೈವರ್ ಕಣ್ಣಿನ ಎತ್ತರದಲ್ಲೇ. ಬೋರ್ಡು ಸರಿಯಾಗಿ ಕಂಡಿದ್ದು 40 ಅಡಿಗೆ ಬಂದಮೇಲೆ. ಗಂಟೆಗೆ 25 ಮೈಲಿ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 37 ಅಡಿ ಹೋಗುತ್ತದೆ. ಅಂದರೆ ನೋಡಿ, ಅರ್ಥ ಮಾಡಿಕೊಂಡು, ಬ್ರೇಕ್ ಒತ್ತಿ ನಿಲ್ಲಿಸೋದಕ್ಕೆ ಒಂದು ಸೆಕೆಂಡಿಗಿಂತ ಚೂರು ಜಾಸ್ತಿ ಸಿಗುತ್ತದೆ, ಅಷ್ಟೇ. ನನ್ನ ಇಡೀ ವಾದ ಇದೇ ಆಗಿತ್ತು. ಒಂದು ಪುಟವೂ ತುಂಬಲಿಲ್ಲ. ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು, ತಾವು ಕಂಡದ್ದನ್ನು ತಾವೇ ಬರೆದು ಸಹಿ ಹಾಕಿಕೊಟ್ಟರು. ಅದನ್ನೂ ಲಗತ್ತಿಸಿದೆ.

ಫೋಟೋಗೆ ಅವತ್ತೇ ಅಥವಾ ಮಾರನೆ ದಿನವೇ ಹೋಗಿ. ಒಂದು ವಾರ ಕಳೆದು ನಾನು ಹೋದಾಗ ಕೊಂಬೆ ಕತ್ತರಿಸಿದ್ದರು.

"ನಾನು ನಿಲ್ಲಿಸಿದ್ದೆ, ಮೂರು ಸೆಕೆಂಡ್ ನಿಲ್ಲಲಿಲ್ಲ ಅಷ್ಟೇ" ಅಂತ ಬರೆಯುವವರು ಬಹಳ ಜನ. ಆ ಮೂರು ಸೆಕೆಂಡಿನ ಲೆಕ್ಕ ಕಾನೂನಿನಲ್ಲಿಲ್ಲ. ಕ್ಯಾಲಿಫೋರ್ನಿಯಾ ವಾಹನ ಕಾನೂನಿನ 22450ನೇ ಸೆಕ್ಷನ್ ಕೇಳುವುದು ಚಕ್ರ ಪೂರ್ತಿ ನಿಂತಿತಾ ಅಂತ. ಗೆರೆ ಇದ್ದರೆ ಗೆರೆಯ ಹತ್ತಿರ, ಗೆರೆ ಇಲ್ಲದಿದ್ದರೆ ಕ್ರಾಸ್‌ವಾಕ್ ಮುಂಚೆ, ಅದೂ ಇಲ್ಲದಿದ್ದರೆ ಅಡ್ಡರಸ್ತೆ ಶುರುವಾಗುವ ಕಡೆ. ನಿಲ್ಲಿಸದೇ ಇದ್ದರೆ ನಿಲ್ಲಿಸಿದೆ ಅಂತ ಬರೆಯಬೇಡಿ, ಅದು ಪ್ರಮಾಣ ಮಾಡಿ ಸಹಿ ಹಾಕುವ ಕಾಗದ. ಬೋರ್ಡು ಚೆನ್ನಾಗಿ ಕಾಣುತ್ತಿದ್ದು ನೀವು ಉರುಳಿಸಿಕೊಂಡು ಹೋಗಿದ್ದರೆ ದಂಡ ಕಟ್ಟುವುದೇ ಸರಿ, ಅಲ್ಲಿ ಮಕ್ಕಳು ರಸ್ತೆ ದಾಟುತ್ತಾರೆ.

ಒಂದು ಸ್ಟಾರ್ ಯಾಕೆ ಕಡಿಮೆ ಅಂದರೆ, ದುಡ್ಡು ಮೊದಲೇ ಕಟ್ಟಬೇಕು. ಈ ತಪ್ಪಿಗೆ ಮೂಲ ದಂಡ 35 ಡಾಲರ್, ಅದರ ಮೇಲೆ ಅದೂ ಇದೂ ಸೇರಿ ನನಗೆ ಬಂದದ್ದು 238. ಗೆದ್ದರೆ ವಾಪಸ್ ಕೊಡುತ್ತಾರೆ ನಿಜ, ಆದರೆ ಕೈ ಬಿಗಿ ಇರುವ ವಿದ್ಯಾರ್ಥಿಗೆ ಅಷ್ಟು ದಿನ ಆ ಹಣ ಬಿಟ್ಟಿರುವುದು ಸುಲಭವಲ್ಲ. ಆಫೀಸರ್ ತಮ್ಮ ಕಡೆಯಿಂದ ಕೋರ್ಟಿಗೆ ಏನು ಬರೆದುಕೊಟ್ಟಿದ್ದಾರೆ ಅನ್ನುವುದು ತೀರ್ಪಿಗೆ ಮುಂಚೆ ನಮಗೆ ತಿಳಿಯುವುದೂ ಇಲ್ಲ. ಸುಮಾರು ಎರಡೂವರೆ ತಿಂಗಳು ಒಂದು ಸುದ್ದಿಯೂ ಇಲ್ಲದೆ ಕಾದೆ.

ನಿಮ್ಮ ಪರವಾಗಿ ನಾವೇ ಬರೆದುಕೊಡುತ್ತೇವೆ ಅನ್ನುವ ಆನ್‌ಲೈನ್ ಕಂಪನಿಗಳೂ ಇವೆ. ಮೊದಲು ಅಂಥ ಒಂದಕ್ಕೆ ದುಡ್ಡು ಕೊಟ್ಟಿದ್ದೆ. ಅವರು ಕಳಿಸಿದ ಕರಡಿನಲ್ಲಿ ಸ್ಟಾಪ್ ಸೈನ್ ಬದಲು ಕೆಂಪು ಸಿಗ್ನಲ್ ಅಂತ ಇತ್ತು, ಕೊಂಬೆಯ ಮಾತೇ ಇರಲಿಲ್ಲ. ಅದನ್ನು ಪಕ್ಕಕ್ಕಿಟ್ಟು ನಾನೇ ಬರೆದೆ. ನೀವು ಕಂಡ ರಸ್ತೆಯನ್ನು ನಿಮ್ಮಷ್ಟು ಚೆನ್ನಾಗಿ ಬೇರೆಯವರು ಹೇಗೆ ಬರೆಯುತ್ತಾರೆ?

ಸೋತರೂ ದಾರಿ ಮುಚ್ಚುವುದಿಲ್ಲ. ತೀರ್ಪು ಕಳಿಸಿದ ದಿನದಿಂದ 20 ದಿನದೊಳಗೆ ಟಿಆರ್-220 ಫಾರ್ಮ್ ಕೊಟ್ಟರೆ ಮೊದಲಿನಿಂದ ಹೊಸದಾಗಿ ವಿಚಾರಣೆ ನಡೆಸುತ್ತಾರೆ. ಆದರೆ ತಪ್ಪಿನ ಲೆಕ್ಕಕ್ಕೆ ಲೈಸೆನ್ಸ್ ಮೇಲೆ ಬೀಳುವ ಒಂದು ಪಾಯಿಂಟ್ ಇನ್ಶೂರೆನ್ಸಿಗೆ ಕಾಣದ ಹಾಗೆ ಟ್ರಾಫಿಕ್ ಸ್ಕೂಲಿಗೆ, ಅಂದರೆ ರಸ್ತೆ ನಿಯಮದ ಪಾಠಕ್ಕೆ, ಹೋಗುವ ಯೋಚನೆ ಇದ್ದರೆ ಎಚ್ಚರ. ವಾದ ಮಾಡಿ ಸೋತಮೇಲೆ ಅದಕ್ಕೆ ಅವಕಾಶ ಕೊಡುವುದು ಬಿಡುವುದು ಜಡ್ಜ್ ಇಷ್ಟ. ಅದನ್ನು ಫಾರ್ಮ್ ತುಂಬುವ ಮುಂಚೆಯೇ ಯೋಚನೆ ಮಾಡಿ.