ಕವುಚಿ ಬೇಯಿಸುವುದೋ, ಜಾಲರಿಯಲ್ಲಿ ಸುಡುವುದೋ: ದಾಲ್ಮೇಷಿಯಾದ ಕೆಂಡದಡುಗೆಯ ಹೋಲಿಕೆ

ಕ್ರೊಯೇಷಿಯಾದ ದಾಲ್ಮೇಷಿಯಾ ಕರಾವಳಿಯಲ್ಲಿ ಮನೆಮಂದಿಯೆಲ್ಲ ಸೇರುವ ಊಟಕ್ಕೆ ಬೆಂಕಿ ಹಚ್ಚುವ ಮುನ್ನ ಇತ್ಯರ್ಥವಾಗಬೇಕಾದ ಪ್ರಶ್ನೆ ಒಂದೇ: ಪೆಕಾ ಇಡುವುದೋ, ಗ್ರಾದೆಲೆ ಹಾಕುವುದೋ? ಗ್ರಾದೆಲೆ ಎಂದರೆ ಕಬ್ಬಿಣದ ಜಾಲರಿ. ಕೆಳಗೆ ಕೆಂಡ, ಮೇಲೆ ಮೀನು, ನಡುವೆ ಏನೂ ಇಲ್ಲ. ಪೆಕಾ ಎಂದರೆ ಗಂಟೆಯಾಕಾರದ ಮುಚ್ಚಳ. ಅಗಲವಾದ ತಟ್ಟೆಯಲ್ಲಿ ಮಾಂಸ, ಆಲೂಗಡ್ಡೆ ಹರಡಿ, ಇದನ್ನು ಕವುಚಿ, ಬೆನ್ನ ಮೇಲೆ ಕೆಂಡ ಪೇರಿಸುತ್ತಾರೆ. ಕೆಲವು ಕಡೆ ಇದಕ್ಕೇ ಚ್ರಿಪ್ನ್ಯಾ ಎಂಬ ಹೆಸರು. ಕಟ್ಟಿಗೆ ಒಲೆ ಇಲ್ಲದ ಫ್ಲ್ಯಾಟಿನವರಿಗೆ ಮೂರನೆಯ ದಾರಿ ಓವನ್.

ಮೂರರಲ್ಲೂ ಬೇಯಿಸಿ ನೋಡಿದ್ದು ಇವು: ಕುರಿಮರಿಯ ಭುಜದ ಮಾಂಸ, ಆಕ್ಟೋಪಸ್, ಇಡೀ ಮೀನು. (ಅಲ್ಲಿ ಪೆಕಾಕ್ಕೆ ಎಳೆಗರುವಿನ ಮಾಂಸವೂ ಅಷ್ಟೇ ರೂಢಿ. ಹದ, ಸಮಯ ಎರಡೂ ಹೆಚ್ಚುಕಡಿಮೆ ಕುರಿಮರಿಯದ್ದೇ.)

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಪೆಕಾದ ರುಚಿ ಹೊಗೆಯಿಂದ ಬರುತ್ತದೆ ಎಂದು ನಂಬಿದವರು ಬಹಳ. ಅಂಚಿಗೆ ಬೂದಿ ಒತ್ತಿ ಮುಚ್ಚಿದ ಮೇಲೆ ಒಳಗೆ ಹೋಗುವ ಹೊಗೆ ತೀರಾ ಕಡಿಮೆ. ಕೆಲಸ ಮಾಡುವುದು ಮೇಲಿನ ಕಾವು. ದಮ್ ಬಿರಿಯಾನಿಯ ಮುಚ್ಚಳದ ಮೇಲೆ ಕೆಂಡ ಹಾಕುವುದನ್ನು ಕಂಡವರಿಗೆ ಇದು ಅರ್ಧ ಪರಿಚಿತ. ದಮ್ಮಿನಲ್ಲಿ ಆ ಕೆಂಡ ಹಬೆಯನ್ನು ಬಿಸಿಯಾಗಿಡುವಷ್ಟು ಸಾಕು. ಪೆಕಾದಲ್ಲಿ ಮೇಲಿನ ಕೆಂಡವೇ ಮುಖ್ಯ ಬೆಂಕಿ. ಕಾದ ಕಬ್ಬಿಣ ಕೆಳಮುಖವಾಗಿ ಕಾವು ಬೀರುವುದರಿಂದ ಒಳಗೆ ಹಬೆ ತುಂಬಿದ್ದರೂ ಮಾಂಸದ ಮೇಲ್ಮೈ ಕೆಂಪಾಗುತ್ತದೆ. ಮುಚ್ಚಳ ಕುದಿಬಿಂದುವಿಗಿಂತ ಬಹಳ ಬಿಸಿ ಇರುವ ಕಾರಣ ಹಬೆ ಅಲ್ಲಿ ಹನಿಗಟ್ಟಿ ಕೆಳಗೆ ತೊಟ್ಟಿಕ್ಕುವುದೂ ಇಲ್ಲ. ಈ ಒಂದು ವಿಷಯ ತಲೆಗೆ ಹೋದರೆ ಓವನ್‌ನಲ್ಲಿ ಯಾಕೆ ಸಪ್ಪೆಯಾಗುತ್ತದೆ ಎಂಬುದೂ ಗೊತ್ತಾಗುತ್ತದೆ.

ಬೆಂಕಿಯ ಖರ್ಚಿನಲ್ಲಿ ಎರಡಕ್ಕೂ ಅಜಗಜಾಂತರ. ಗ್ರಾದೆಲೆಗೆ ದ್ರಾಕ್ಷಿಬಳ್ಳಿಯ ಒಣ ಕಡ್ಡಿ ಸಾಕು. ಧಗ್ಗೆಂದು ಹತ್ತಿ 20 ನಿಮಿಷದಲ್ಲಿ ಕೆಂಡವಾಗುತ್ತದೆ, ಅಷ್ಟೇ ಬೇಗ ಆರುತ್ತದೆ. ಬೂತಾಯಿಯಂಥ ಸಣ್ಣ ಮೀನಿಗೆ ಸರಿ, ದೊಡ್ಡ ಮೀನಿಗೆ ಕಾವು ಸಾಲದು. ಪೆಕಾಕ್ಕೆ ಓಕ್ ಜಾತಿಯ ಗಟ್ಟಿ ಸೌದೆ ಬೇಕು, ಪೂರ್ತಿ ಒಣಗಿದ್ದು, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಉರಿದು ಕೆಂಡವಾಗಬೇಕು. ಪೈನ್ ಕಟ್ಟಿಗೆ ಎರಡಕ್ಕೂ ಬೇಡ; ಅದರ ರಾಳದ ಮಸಿ ಮೀನಿಗೆ ಹತ್ತಿದರೆ ತೊಳೆದರೂ ಹೋಗದು. ಬೆಂಕಿ ಹಾಕಬೇಕಾದ್ದು ಪೆಕಾ ಕೂರುವ ಜಾಗದ ಮೇಲೆಯೇ. ಅಲ್ಲಿನ ಕಲ್ಲು ಕಾದಿರದಿದ್ದರೆ ಮೇಲೆ ಮಾಂಸ ಕೆಂಪಾಗಿ ಕೆಳಗೆ ಆಲೂಗಡ್ಡೆ ಹಸಿಯಾಗಿ ಉಳಿಯುತ್ತದೆ. ಹೊಸಬರ ಪೆಕಾ ಕೆಡುವುದು ಹೆಚ್ಚಾಗಿ ಇಲ್ಲೇ. ಪಕ್ಕದಲ್ಲಿ ಇನ್ನೊಂದು ಸಣ್ಣ ಬೆಂಕಿ ಉರಿಯುತ್ತಿರಲಿ. ಅರ್ಧ ದಾರಿಯಲ್ಲಿ ಹೊಸ ಕೆಂಡ ಬೇಕೇ ಬೇಕು.

ಕುರಿಮರಿಗೆ ಅಳತೆ ಹೀಗೆ. ಮೂಳೆಸಮೇತ 2 ಕಿಲೊ ಮಾಂಸ, ಮುಷ್ಟಿಗಾತ್ರದ ತುಂಡು. ಆಲೂಗಡ್ಡೆ ಒಂದೂವರೆ ಕಿಲೊ, ನಾಲ್ಕಾಗಿ ಸೀಳಿದ್ದು. ಎರಡು ಈರುಳ್ಳಿ, ಎರಡು ಕ್ಯಾರೆಟ್, ಒಂದು ಕೆಂಪು ದೊಣ್ಣೆಮೆಣಸಿನಕಾಯಿ, ಒಂದು ಇಡೀ ಬೆಳ್ಳುಳ್ಳಿ ಗಡ್ಡೆಯ ಎಸಳು ಸಿಪ್ಪೆಸಹಿತ, ಎರಡು ಕಡ್ಡಿ ರೋಸ್‌ಮೇರಿ, 100 ಮಿಲಿ ಆಲಿವ್ ಎಣ್ಣೆ, ಉಪ್ಪು, ಕಾಳುಮೆಣಸು. ಇಷ್ಟಕ್ಕೆ 45 ಸೆಂಟಿಮೀಟರ್ ಅಗಲದ ತಟ್ಟೆ ಬೇಕು. ತುಂಡುಗಳು ಒಂದರ ಮೇಲೊಂದು ಏರಿದರೆ ಕೆಳಗಿನವು ಬೆಂದ ಮಾಂಸ, ಮೇಲಿನವು ಹುರಿದ ಮಾಂಸ. ನೀರು ಹಾಕಬಾರದು. 50 ನಿಮಿಷಕ್ಕೆ ತೆಗೆದು ಎಲ್ಲವನ್ನೂ ಮಗುಚಿ, 200 ಮಿಲಿ ಬಿಳಿ ವೈನ್ ಸುರಿದು, ಹೊಸ ಕೆಂಡ ಹಾಕಿ ಮತ್ತೆ 40 ನಿಮಿಷ. ವೈನ್ ಮೊದಲೇ ಸುರಿದರೆ ಕೆಂಪಾಗಬೇಕಾದ ಹೊತ್ತಿನಲ್ಲಿ ಮಾಂಸ ಕುದಿಯುತ್ತಾ ಕೂರುತ್ತದೆ. ಮುಚ್ಚಳ ಎತ್ತುವ ಮುನ್ನ ಬೆನ್ನ ಮೇಲಿನ ಕೆಂಡ ಗುಡಿಸಿ, ಅಂಚಿನ ಬೂದಿ ಸರಿಸಿ, ಕೊಕ್ಕೆಯಿಂದ ನೇರ ಮೇಲಕ್ಕೆ ಎತ್ತಬೇಕು. ಒಂದಿಷ್ಟು ವಾಲಿದರೂ ಬೂದಿಯೆಲ್ಲ ತಟ್ಟೆಗೆ. ಕುತೂಹಲಕ್ಕೆಂದು ನಡುನಡುವೆ ಎತ್ತಿ ನೋಡುವವರಿಗೆ ಪೆಕಾ ಹೇಳಿದ್ದಲ್ಲ.

ಅದೇ ಭುಜದ ಮಾಂಸ ಗ್ರಾದೆಲೆಯ ಮೇಲೆ ಸೋತಿತು: ಹೊರಗೆ ಸೀದು, ಮೂಳೆಯ ಬಳಿ ಜಗ್ಗಿದರೂ ಬಾರದಷ್ಟು ಗಟ್ಟಿ. ಜಾಲರಿಗೆ ಪಕ್ಕೆಲುಬಿನ ಚಾಪ್ ಸರಿ, ಎರಡು ಸೆಂಟಿಮೀಟರ್ ದಪ್ಪದ್ದು, ಬದಿಗೆ 3ರಿಂದ 4 ನಿಮಿಷ. ಭುಜ, ಕಾಲು, ಎದೆ ಎಲ್ಲ ಪೆಕಾದ ಪಾಲು.

ಆಕ್ಟೋಪಸ್‌ನಲ್ಲಿ ಪೈಪೋಟಿ ನಿಜವಾಗಿಯೂ ಬಿಗಿ. ಯಾವ ದಾರಿಯಾದರೂ ಮೊದಲು ಎರಡು ದಿನ ಫ್ರೀಜರ್‌ನಲ್ಲಿಟ್ಟು, ಒಂದು ರಾತ್ರಿ ಫ್ರಿಜ್‌ನಲ್ಲಿ ಕರಗಿಸಬೇಕು. ಒಳಗಿನ ನೀರು ಹೆಪ್ಪುಗಟ್ಟುವಾಗ ನಾರು ಹರಿದು ಮೆದುವಾಗುತ್ತದೆ. ಹಿಂದಿನವರು ಕಲ್ಲಿಗೆ ಬಡಿದು ಮಾಡುತ್ತಿದ್ದುದೂ ಇದನ್ನೇ. ಬೆಂದರೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ, ಆದ್ದರಿಂದ ನಾಲ್ವರಿಗೆ 1.8 ಕಿಲೊ ಹೆಚ್ಚಲ್ಲ. ಪೆಕಾದಲ್ಲಿ ಹಸಿಯಾಗಿಯೇ ಇಡಬಹುದು: ಕೆಳಗೆ 1.2 ಕಿಲೊ ಆಲೂಗಡ್ಡೆ, ಮೇಲೆ ಆಕ್ಟೋಪಸ್, 80 ಮಿಲಿ ಎಣ್ಣೆ, ಉಪ್ಪಿಲ್ಲ. ಅದು ಬಿಡುವ ನೀರಿನಲ್ಲೇ ಕಡಲಿನ ಉಪ್ಪಿದೆ, ಕೊನೆಯಲ್ಲಿ ನಾಲಿಗೆಗೆ ಹಚ್ಚಿ ನೋಡಿ ಸೇರಿಸಿದರಾಯಿತು. 45 ನಿಮಿಷ, ಮಗುಚಿ, 100 ಮಿಲಿ ವೈನ್, ಮತ್ತೆ 35 ನಿಮಿಷ. ಗ್ರಾದೆಲೆಗಾದರೆ ಮೊದಲು ಸಣ್ಣ ಕುದಿಯಲ್ಲಿ 40ರಿಂದ 50 ನಿಮಿಷ ಬೇಯಿಸಿ, ಅದೇ ನೀರಿನಲ್ಲಿ ಆರಲು ಬಿಟ್ಟು, ಬಟ್ಟೆಯಲ್ಲಿ ಒರೆಸಿ, ತೀಕ್ಷ್ಣ ಕೆಂಡದ ಮೇಲೆ ಬದಿಗೆ 3 ನಿಮಿಷ. ಬಿಸಿಯಿರುವಾಗಲೇ ನೀರಿನಿಂದ ತೆಗೆದು ಎಳೆದಾಡಿದರೆ ನೇರಳೆ ಸಿಪ್ಪೆ ಸುಲಿದು ಬರುತ್ತದೆ, ಗರಿಗರಿಯಾಗಬೇಕಾದ್ದೇ ಆ ಸಿಪ್ಪೆ. ಬರೀ ಆಕ್ಟೋಪಸ್ ರುಚಿಯಲ್ಲಿ ಗ್ರಾದೆಲೆಗೆ ಒಂದು ಕೂದಲೆಳೆ ಮುನ್ನಡೆ ಕೊಡಬೇಕು. ಆದರೆ ಪೆಕಾದ ಆಲೂಗಡ್ಡೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ತಕ್ಕಡಿ ವಾಲಿಬಿಡುತ್ತದೆ.

ಮೀನಿಗೆ ಗ್ರಾದೆಲೆಯೇ, ಚರ್ಚೆ ಇಲ್ಲ. ಅಲ್ಲಿ ಓರಾದಾ, ಬ್ರಾಂತ್ಸಿನ್ ಎಂಬ ಮೀನುಗಳು ರೂಢಿ. 350 ಗ್ರಾಂ ತೂಗುವುದಕ್ಕೆ ಬದಿಗೆ 6ರಿಂದ 7 ನಿಮಿಷ, ಬೂತಾಯಿ ಗಾತ್ರದ್ದಕ್ಕೆ 2. ಜ್ವಾಲೆ ಪೂರ್ತಿ ಆರಿ ಕೆಂಡದ ಮೇಲೆ ಬೂದಿಯ ತೆಳು ಪರದೆ ಬಂದಿರಬೇಕು. ಜಾಲರಿಯ ಎತ್ತರದಲ್ಲಿ ಅಂಗೈ ಮೂರು ನಾಲ್ಕು ಸೆಕೆಂಡು ತಡೆದರೆ ಹದ. ಮೀನು ಜಾಲರಿಗೆ ಅಂಟಲು ಕಾರಣ ಎರಡೇ: ಚರ್ಮ ಒದ್ದೆ ಇರುವುದು, ಜಾಲರಿ ತಣ್ಣಗಿರುವುದು. ಕಾದ ಜಾಲರಿಗೆ ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿ, ಮೀನನ್ನು ಒರೆಸಿ ಇಟ್ಟು, ತಾನಾಗಿ ಬಿಡುವವರೆಗೆ ಮುಟ್ಟದಿರುವುದು. ರೋಸ್‌ಮೇರಿ ಕಡ್ಡಿಯಿಂದ ಎಣ್ಣೆ ಸವರುವುದು ನೋಡಲು ಚೆಂದ, ಆದರೆ ಕೈ ಬಿಗಿ ಇರಲಿ. ತೊಟ್ಟಿಕ್ಕಿದ ಎಣ್ಣೆ ಹತ್ತಿಕೊಂಡರೆ ಮೀನಿಗೆ ಮಸಿಯ ಕಹಿ. ಜಜ್ಜಿದ ಬೆಳ್ಳುಳ್ಳಿ, ಪಾರ್ಸ್ಲಿ ಕಲಸಿದ ಎಣ್ಣೆ ಸುರಿಯಬೇಕಾದ್ದು ಮೀನು ತಟ್ಟೆಗೆ ಬಂದ ಮೇಲೆ. ಜೊತೆಗೆ ಬ್ಲಿತ್ವಾ: ಚಾರ್ಡ್ ಸೊಪ್ಪು, ಬೇಯಿಸಿ ಅರ್ಧಂಬರ್ಧ ಹಿಸುಕಿದ ಆಲೂಗಡ್ಡೆ, ಬೆಳ್ಳುಳ್ಳಿ, ಎಣ್ಣೆ. ಚಾರ್ಡ್ ಸಿಗದಿದ್ದರೆ ಪಾಲಕ್ ನಡೆಯುತ್ತದೆ, ನೀರು ಹಿಂಡಿ ಹಾಕಿದರೆ.

ಓವನ್ ಸೋಲುವುದು ಹೊಗೆ ಇಲ್ಲದ್ದಕ್ಕಲ್ಲ, ಬಳಸುವವರು ಅದನ್ನು ಪ್ರೆಶರ್ ಕುಕ್ಕರಿನಂತೆ ಬಳಸುವುದಕ್ಕೆ. ಆಳದ ಪಾತ್ರೆ, ಬಿಗಿ ಮುಚ್ಚಳ, 180 ಡಿಗ್ರಿ: ಇದರಿಂದ ಬರುವುದು ಒಳ್ಳೆಯ ಸಾರು. ಪೆಕಾಕ್ಕೆ ಹತ್ತಿರ ಬರಬೇಕಾದರೆ ಅಗಲವಾದ ಎರಕದ ಕಬ್ಬಿಣದ ಪಾತ್ರೆಯನ್ನು ಮೊದಲು ಗ್ಯಾಸಿನ ಮೇಲೆ ಚೆನ್ನಾಗಿ ಕಾಯಿಸಿ (ಕಾದ ಕಲ್ಲಿನ ಕೆಲಸ ಇದು ಮಾಡುತ್ತದೆ), 220 ಡಿಗ್ರಿಯಲ್ಲಿ ಮುಚ್ಚಿ 70 ನಿಮಿಷ, ಆಮೇಲೆ ಮಗುಚಿ, ವೈನ್ ಅರ್ಧದಷ್ಟೇ ಸುರಿದು, ಮುಚ್ಚಳ ತೆಗೆದು, ಮೇಲಿನ ಕಾಯಿಲ್ ಹಾಕಿ 240ರಲ್ಲಿ 25 ನಿಮಿಷ. ಕುರಿಮರಿ ಹೀಗೆ ಮಾಡಿದರೆ ಪೆಕಾದ್ದೇ ಎಂದು ದಾಟಿಸಬಹುದು. ಆಕ್ಟೋಪಸ್ ಬಹಳ ನೀರು ಬಿಡುವುದರಿಂದ 40 ನಿಮಿಷಕ್ಕೆ ಒಮ್ಮೆ ಒಂದೆರಡು ಸೌಟು ಬಸಿದು ತೆಗೆಯಬೇಕು. ಇಡೀ ಮೀನು ಓವನ್‌ನಲ್ಲಿ ಬೇಯುತ್ತದೆ, ಅಷ್ಟೇ.

ಪೆಕಾ ಕೊಳ್ಳುವವರಿಗೆ ಮಣ್ಣಿನದೋ ಕಬ್ಬಿಣದ್ದೋ ಎಂಬ ಇನ್ನೊಂದು ಕವಲು. ಮಣ್ಣಿನದು ನಿಧಾನ ಕಾದು ಕಾವು ಹಿಡಿದಿಡುತ್ತದೆ, ಕೆಂಡ ಸ್ವಲ್ಪ ಹೆಚ್ಚುಕಡಿಮೆಯಾದರೂ ಕ್ಷಮಿಸುತ್ತದೆ. ಆದರೆ ಒದ್ದೆ ಇದ್ದಾಗ ಕೆಂಡ ಬಿದ್ದರೆ ಬಿರಿಯುತ್ತದೆ. ತೆಳು ತಗಡಿನದು ಅಗ್ಗ, ಹಗುರ, ಆದರೆ ಕೆಂಡ ಒತ್ತಾಗಿ ಬಿದ್ದ ಕಡೆ ಕೆಳಗಿನ ಆಲೂಗಡ್ಡೆ ಕರಿ. ಮೊದಲ ಸಲದವರಿಗೆ ಎರಕದ್ದು ಒಳ್ಳೆಯದು, ಸೊಂಟ ಗಟ್ಟಿ ಇದ್ದರೆ.

ಮನೆಯಲ್ಲಿ ಮತ ಹಾಕಿಸಿದರೆ ತೀರ್ಪು ನಿಲ್ಲುವುದು ತಟ್ಟೆಯ ತಳದಲ್ಲಿ. ಮಾಂಸದ ರಸ, ಎಣ್ಣೆ, ವೈನ್ ಸೇರಿ ಉಳಿಯುವ ಗೊಜ್ಜಿಗೆ ದಾಲ್ಮೇಷಿಯಾದಲ್ಲಿ ಶುಗ್ ಎನ್ನುತ್ತಾರೆ. ಗ್ರಾದೆಲೆಯಲ್ಲಿ ಅದೆಲ್ಲ ಬೆಂಕಿಯ ಪಾಲು. ಓವನ್‌ನಲ್ಲಿ ಸಿಗುತ್ತದೆ, ತೆಳ್ಳಗೆ. ಪೆಕಾದಲ್ಲಿ ಅರ್ಧ ಲೋಟಕ್ಕಿಂತ ಹೆಚ್ಚಿರದು, ಬೆರಳಿಗೆ ಅಂಟುವಷ್ಟು ಮಂದ. ಕೆಂಡ ಗುಡಿಸಿದ ಮೇಲೂ ಹತ್ತು ನಿಮಿಷ ಮುಚ್ಚಿಟ್ಟೇ ಇದ್ದು, ಆಗ ತೆಗೆದು, ಮಾಂಸ ಬಡಿಸುವ ಮೊದಲೇ ಬ್ರೆಡ್ಡಿನ ದಪ್ಪ ಹೋಳುಗಳನ್ನು ಮೇಜಿಗೆ ತಂದಿಡಿ.