ಕರಿಯನ ಬೂದಿ: ಗ್ಲೇಜಿನೊಳಗೋ, ಗ್ಲೇಜಿನ ಮೇಲೋ?

ನಮ್ಮ ನಾಯಿ ಕರಿಯನದು ಹೆಸರಿಗೆ ತಕ್ಕ ಬಣ್ಣ. ಅವನು ಸತ್ತ ಮೇಲೆ ಸುಟ್ಟಾಗ ಸಿಕ್ಕಿದ್ದು ಮಾತ್ರ ಮಾಸಲು ಬಿಳಿ ಪುಡಿ. ಅದನ್ನು ಮಡಕೆಯ ಮಣ್ಣಿನಲ್ಲೋ, ಸುಟ್ಟಾಗ ಗಾಜಿನಂತಾಗುವ ಮೇಲ್ಲೇಪವಾದ ಗ್ಲೇಜಿನಲ್ಲೋ ಉಳಿಸಿಕೊಳ್ಳಲು ಮೂರು ದಾರಿ ಹಿಡಿದು ನೋಡಿದೆ.

ಸೌದೆ ಬೂದಿಯ ಗ್ಲೇಜ್ ಮಾಡಿ ಅಭ್ಯಾಸವಿದ್ದುದರಿಂದ ಇದೂ ಹಾಗೆಯೇ ಕರಗಿ ಹರಿಯುತ್ತದೆ ಎಂದುಕೊಂಡಿದ್ದೆ. ಆದರೆ ಇದು ಮೂಳೆಯ ಬೂದಿ, ಬಹುಪಾಲು ಕ್ಯಾಲ್ಸಿಯಂ ಫಾಸ್ಫೇಟ್. 1,230 ಡಿಗ್ರಿ ಸೆಲ್ಸಿಯಸ್ಸಿನ ನನ್ನ ಆವಿಗೆಯಲ್ಲಿ ಅದು ತಾನಾಗಿ ಕರಗುವುದಿಲ್ಲ.

ಮೊದಲು ಗ್ಲೇಜಿಗೇ ಬೆರೆಸಿದೆ: 100 ಗ್ರಾಂ ಒಣ ಪಾರದರ್ಶಕ ಗ್ಲೇಜಿಗೆ 4 ಗ್ರಾಂ ಬೂದಿ. ಮಾಸ್ಕ್ ಹಾಕಿಕೊಂಡು ಕುಟ್ಟಾಣಿಯಲ್ಲಿ ಅರೆದು, ನಯವಾದ ಜರಡಿ ಹಿಡಿದೆ. ತೊಳೆಯದೆ ಹಾಕಿದ್ದೇ ತಪ್ಪಾಯಿತು. ಬೂದಿಯಲ್ಲಿದ್ದ ಲವಣ ನೀರಿಗಿಳಿದು, ಬೆಳಗಾಗುವಷ್ಟರಲ್ಲಿ ಗ್ಲೇಜ್ ಹೆಪ್ಪುಗಟ್ಟಿತ್ತು. ಕರಿಯನ 4 ಗ್ರಾಂ ಹಾಳು. ಆಮೇಲಿನ ಪರೀಕ್ಷೆಗಳನ್ನೆಲ್ಲ ಮೊದಲು ಕೊಂಡುತಂದ ಮೂಳೆಬೂದಿಯಲ್ಲಿ ಮಾಡಿಕೊಂಡು, ಆಮೇಲೆ ಅವನದನ್ನು ಬಳಸಿದೆ. ನಾಲ್ಕು ಬಾರಿ ನೀರು ಬದಲಿಸಿ ತೊಳೆದ ಅವನ ಬೂದಿ ತಂಟೆ ಮಾಡಲಿಲ್ಲ. ಕಪ್ಪು ಮಣ್ಣಿನ ಮೇಲೆ, ಗ್ಲೇಜ್ ದಪ್ಪವಾಗಿ ನಿಂತಲ್ಲಿ, ಹಾಲಿನಂಥ ತೆಳುನೀಲಿ ಬಂತು. ಚೆಲುವೇನೋ ಹೌದು. ಆದರೆ ಕೊಂಡುತಂದ ಬೂದಿಯಲ್ಲಿ ಪರೀಕ್ಷೆಗೆಂದು ಸುಟ್ಟ ಮಣ್ಣಿನ ಬಿಲ್ಲೆಯನ್ನು ಪಕ್ಕದಲ್ಲಿಟ್ಟರೆ ಯಾವುದು ಯಾರದೆಂದು ನನಗೇ ತಿಳಿಯದು.

ಮಣ್ಣಿಗೆ ಕಲಸಿದ್ದು ಒಂದೇ ಸಲ. ಬೂದಿ ಹೆಚ್ಚು ಬೇಕು, ಕಣ್ಣಿಗೆ ಏನೂ ಕಾಣದು. ಬಿಟ್ಟೆ.

ಮೂರನೆಯದು, ಹಸಿ ಗ್ಲೇಜಿನ ಮೇಲೆ ಉದುರಿಸುವುದು. ಇಲ್ಲಿ ಜರಡಿ ಹಿಡಿಯದೆ ಕಾಳುಗಳನ್ನು ಹಾಗೆಯೇ ಬಿಟ್ಟೆ. ಮೊದಲ ಬಿಲ್ಲೆ ಮರಳುಕಾಗದದಂತೆ ತರಿತರಿಯಾಗಿ ಬಂತು, ಉಗುರು ತಾಗಿದರೆ ಕಾಳು ಉದುರುತ್ತಿತ್ತು. ಎರಡನೆಯದಕ್ಕೆ ಉದುರಿಸಿದ ಮೇಲೆ ಗ್ಲೇಜಿನ ಇನ್ನೊಂದು ತೆಳುಪದರ ಬಳಿದೆ. ಕಾಳುಗಳು ಹಿಡಿದುಕೊಂಡವು, ಕಪ್ಪು ಮಣ್ಣಿನ ಮೇಲೆ ಚದುರಿದ ಬಿಳಿ ಚುಕ್ಕೆಗಳು, ಬೆರಳಾಡಿಸಿದರೆ ಸಣ್ಣ ಉಬ್ಬುಗಳು.

ಕುಂಬಾರಿಕೆಯ ಲೆಕ್ಕದಲ್ಲಿ ಗೆಲ್ಲುವುದು ಮೊದಲನೆಯದೇ: ನಯ, ಗಟ್ಟಿ, ತೊಳೆಯಲೂ ಸುಲಭ. ಉದುರಿಸಿದ್ದನ್ನು ಊಟದ ಪಾತ್ರೆಗಂತೂ ನಾನು ಬಳಸುವುದಿಲ್ಲ. ಹಾಗಿದ್ದರೂ ಮುಚ್ಚಳದ ಪುಟ್ಟ ಭರಣಿಯೊಂದರ ಹೊರಮೈಗೆ ಅದನ್ನೇ ಆರಿಸಿದೆ. ಅಂಚಿನ ಬಳಿ ಒಂದು ಕಾಳು ದೊಡ್ಡದಾಗಿ ಎದ್ದಿದೆ. ಉಜ್ಜಿ ನಯ ಮಾಡಲು ಉಜ್ಜುಗಲ್ಲನ್ನು ಕೈಗೆತ್ತಿಕೊಂಡವನು ಹಾಗೆಯೇ ಕೆಳಗಿಟ್ಟೆ.