ಸಭಾಪಾಲಕಿಯ ನಿಲುವಂಗಿ: ಕಾಸರಗೋಡಿನ ಒಂದು ಹೊಲಿಗೆ ಅಂಗಡಿಯ ಕೆಲಸ ಹೇಗಿದೆ

ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟಂಟ್ ಸಭೆಯಲ್ಲಿ, ಗುರುದೀಕ್ಷೆಗೆ ನಿಂತಿರುವ ಹೆಣ್ಣುಮಗಳು ನಿಲುವಂಗಿ ಹೊಲಿಸಲು ಮಂಗಳೂರಿಗೋ ಕಣ್ಣೂರಿಗೋ ಬಸ್ಸು ಹತ್ತುವ ಮೊದಲು ಕಾಸರಗೋಡು ಪೇಟೆಯಲ್ಲೇ ವಿಚಾರಿಸಬಹುದು. ಇಗರ್ಜಿಯ ಬಟ್ಟೆ ಹೊಲಿಯುವ ಅಂಗಡಿ ಇಲ್ಲಿದೆ. ಹೊಲಿಗೆ ಗಟ್ಟಿ, ಒಳ ಅಂಚುಗಳಿಗೆಲ್ಲ ಓವರ್‌ಲಾಕ್ ಹಾಕಿರುತ್ತಾರೆ, ಕಾಲರಿನ ಕ್ಯಾನ್ವಾಸ್ ಹತ್ತು ಸಲ ಒಗೆದರೂ ಗುಳ್ಳೆ ಏಳುವುದಿಲ್ಲ. ಕೊರತೆ ಇರುವುದು ಕತ್ತರಿಯಲ್ಲಿ. ಅಳತೆ ಕೊಡುವವರು ಎಚ್ಚರ ತಪ್ಪಿದರೆ ಚೆನ್ನಾಗಿ ಹೊಲಿದ ತಪ್ಪು ಬಟ್ಟೆ ಕೈಗೆ ಬರುತ್ತದೆ.

ಕಾರಣ ಸರಳ. ಅಂಗಡಿಯಲ್ಲಿರುವುದು ಎರಡೇ ಪ್ಯಾಟರ್ನ್. ಒಂದು ಅಚ್ಚನದು, ಅಂದರೆ ಪಾದ್ರಿಯದು, ಇನ್ನೊಂದು ಸಿಸ್ಟರದು. ಬೇಳ, ಕಯ್ಯಾರು ಕಡೆಯ ಇಗರ್ಜಿಗಳು, ಪೂರ್ವದ ಗುಡ್ಡಗಾಡಿನ ಸಿರಿಯನ್ ಕಥೋಲಿಕ ಊರುಗಳು, ಕನ್ಯಾಸ್ತ್ರೀಯರ ಮಠಗಳು, ಗಿರಾಕಿಗಳು ಹೆಚ್ಚಾಗಿ ಇವರೇ. ಕಥೋಲಿಕ ಸಭೆಯಲ್ಲಿ ಹೆಂಗಸರಿಗೆ ಗುರುದೀಕ್ಷೆ ಇಲ್ಲ. ದೀಕ್ಷೆ ಕೊಡುವ ಅಧಿಕಾರವೇ ಸಭೆಗಿಲ್ಲ ಎಂದು ಎರಡನೇ ಜಾನ್ ಪಾಲ್ ಪೋಪರು 1994ರ ಮೇ 22ರ ಪತ್ರದಲ್ಲಿ ಹೇಳಿಬಿಟ್ಟಿದ್ದಾರೆ. ಹಾಗಾಗಿ ಹೆಂಗಸಿಗೆ ಗುರುವಿನ ಅಂಗಿ ಕತ್ತರಿಸುವ ಪ್ರಸಂಗ ಈ ಮೇಜಿಗೆ ಬರುವುದೇ ಅಪರೂಪ. ಕೌಂಟರಿನಲ್ಲಿ ಆರ್ಡರ್ ಹೇಳಿದರೆ ಚೀಟಿಯ ಮೇಲೆ ಮೊದಲು ಬರೆಯುವುದು ‘ಸಿಸ್ಟರ್’ ಎಂದೇ. ತಿದ್ದಿಸಿ. ತಿದ್ದಿಸದಿದ್ದರೆ ಮುಂದೆ ತೆರೆಯದ, ಸೊಂಟದಲ್ಲಿ ಸಡಿಲ ಬಿಟ್ಟ ಮಠದ ಉಡುಪು ಸಿದ್ಧವಾಗುತ್ತದೆ. ಮಲಯಾಳದಲ್ಲಿ ನಿಲುವಂಗಿಗೆ ‘ಲೋಹ’ ಎನ್ನುತ್ತಾರೆ. ಆ ಮಾತನ್ನೇ ಬಳಸಿ, ಜೊತೆಗೆ ‘ಲೇಡೀಸ್, ಮುಂದೆ ಬಟನ್’ ಎಂದು ಬರೆಸಿ.

ಸಿಎಸ್‌ಐ ಮಟ್ಟಿಗೆ ಇದು ಹೊಸ ವಿಷಯವೇ ಅಲ್ಲ ಎನ್ನುವುದೇ ನೋವಿನ ಸಂಗತಿ. 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ಈ ಸಭೆಯಲ್ಲಿ 1976ರಲ್ಲೇ ಎಲಿಜಬೆತ್ ಪಾಲ್ ಅವರಿಗೆ ಗುರುದೀಕ್ಷೆ ಆಯಿತು. 2013ರಲ್ಲಿ ಆಂಧ್ರದ ನಂದ್ಯಾಲ ಡಯಾಸಿಸಿಗೆ (ಧರ್ಮಪ್ರಾಂತ್ಯಕ್ಕೆ) ಪುಷ್ಪಾ ಲಲಿತಾ ಅವರು ಬಿಷಪ್ ಆದರು, ಸಿಎಸ್‌ಐಯ ಮೊದಲ ಮಹಿಳಾ ಬಿಷಪ್. ಇಷ್ಟು ವರ್ಷ ಕಳೆದರೂ ಒಂದು ಜಿಲ್ಲಾ ಪೇಟೆಯ ಅಂಗಡಿಯಲ್ಲಿ ಮೂರನೇ ಪ್ಯಾಟರ್ನ್ ಇಲ್ಲ ಎಂದರೆ ತಪ್ಪು ಕಟಿಂಗ್ ಮಾಸ್ತರದ್ದಲ್ಲ. ಬಾಗಿಲು ತೆರೆದ ಸಭೆಗಳು ಒಳಗೆ ಕರೆದದ್ದು ಕೆಲವರನ್ನೇ. ಕರೆದವರಿಗೂ ಗಂಡಸರ ಹಳೆಯ ಅಂಗಿಯನ್ನೇ ಕಿರಿದು ಮಾಡಿ ಕೊಟ್ಟು ಮುಗಿಸಿದ್ದೇ ಹೆಚ್ಚು.

ಕಿರಿದು ಮಾಡಿದರೆ ಯಾಕೆ ಆಗುವುದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಸಭೆಯ ಸಮಿತಿಗಳು ಮೊದಲು ಕೇಳುವುದೇ ಇದನ್ನು. 40 ಇಂಚು ಎದೆಯ ಗಂಡಸರ ನಿಲುವಂಗಿಯಲ್ಲಿ ಭುಜ 17ರಿಂದ 18 ಇಂಚು ಇರುತ್ತದೆ. ಅದೇ ಎದೆಯ ಹೆಂಗಸಿನ ಭುಜ ಸುಮಾರು 15. ಎದೆಗೆ ಸರಿಯಾದದ್ದನ್ನು ಆರಿಸಿದರೆ ಭುಜದ ಹೊಲಿಗೆ ತೋಳಿನ ಮೇಲೆ ಇಳಿದು, ಆಶೀರ್ವಾದಕ್ಕೆ ಕೈ ಎತ್ತಿದಾಗ ಇಡೀ ಅಂಗಿ ಎರಡು ಮೂರು ಇಂಚು ಮೇಲೇಳುತ್ತದೆ, ಕೆಳಗೆ ಸೀರೆಯ ಅಂಚು ಕಾಣುತ್ತದೆ. ಭುಜಕ್ಕೆ ಸರಿಯಾದದ್ದನ್ನು ಆರಿಸಿದರೆ ಎದೆಯ ಬಟನ್ನುಗಳ ನಡುವೆ ಬಾಯಿ ಬಿಡುತ್ತದೆ. ಬದಿಯ ಹೊಲಿಗೆ ಬಿಚ್ಚಿ ಸೊಂಟ ಕಿರಿದು ಮಾಡಬಹುದು, ಆದರೆ ಭುಜ ಕತ್ತರಿಸಿದರೆ ಕಂಕುಳ ಸುತ್ತು ಕೆಟ್ಟು ತೋಳು ಕೂರುವುದಿಲ್ಲ. ಆನ್‌ಲೈನಿನಲ್ಲಿ ಸಿಗುವ ರೆಡಿಮೇಡ್ ನಿಲುವಂಗಿಗಳಲ್ಲೂ ಇದೇ ತೊಂದರೆ. ಅವು ಪಾಲಿಯೆಸ್ಟರ್ ಬೇರೆ, ನಮ್ಮ ಏಪ್ರಿಲ್ ಸೆಕೆಯಲ್ಲಿ ಗುಡ್ ಫ್ರೈಡೆಯ ಮೂರು ತಾಸಿನ ಆರಾಧನೆ ಮುಗಿಸುವುದು ಕಷ್ಟ.

ಅಳತೆಗೆ ಹೋಗುವಾಗ ದೀಕ್ಷೆಯ ದಿನ ಒಳಗೆ ಏನು ಉಡುತ್ತಾರೋ ಅದನ್ನೇ ಉಟ್ಟು ಹೋಗಬೇಕು. ಈ ಅಂಗಡಿಯಲ್ಲಿ ಅತಿ ಹೆಚ್ಚು ಹದಗೆಡುವುದು ಇಲ್ಲೇ. ಚೂಡಿದಾರದಲ್ಲಿ ಅಳತೆ ಕೊಟ್ಟು ಸೀರೆಯ ಮೇಲೆ ತೊಟ್ಟರೆ ಸೆರಗಿನ ಮಡಿಕೆಗೆ ಎಡಭುಜ ಬಿಗಿಯುತ್ತದೆ, ನೆರಿಗೆ ಸಿಕ್ಕಿಸಿದ ಕಡೆ ಹೊಟ್ಟೆಯ ಬಟನ್ ಎಳೆಯುತ್ತದೆ. ಸೀರೆಯ ಮೇಲಿನ ಅಳತೆಗೆ ಎದೆಯಲ್ಲಿ 4 ಇಂಚು, ಸೊಂಟದಲ್ಲಿ 5 ಇಂಚು ಸಡಿಲ ಕೇಳಿ. ಎದೆಗೆ ಡಾರ್ಟ್ (ಆಕಾರ ಕೊಡುವ ಒಳಮಡಿಕೆ) ಬೇಕೆಂದು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಪ್ರಿನ್ಸೆಸ್ ಕಟ್ ಕೂಡ ಅಚ್ಚುಕಟ್ಟಾಗಿ ಕೊಡುತ್ತಾರೆ, ಅದಕ್ಕೆ ಹೆಚ್ಚಿನ ಕೂಲಿ ಕೇಳುವುದಿಲ್ಲ. ಹೇಳದಿದ್ದರೆ ಹಾಕುವುದಿಲ್ಲ. ಉದ್ದವನ್ನು ಕುತ್ತಿಗೆಯ ಹಿಂದಿನ ಮೂಳೆಯಿಂದ ನೆಲದವರೆಗೆ ಹಿಡಿದು 2 ಇಂಚು ಕಳೆಯಬೇಕು. ಪೀಠದ ಮುಂದೆ ಚಪ್ಪಲಿ ಬಿಡುವವರು ಬರಿಗಾಲಲ್ಲೇ ನಿಂತು ಅಳತೆ ಕೊಡಲಿ. ಚಪ್ಪಲಿ ಹಾಕಿ ಕೊಟ್ಟರೆ ಮೊಣಕಾಲೂರಿ ಏಳುವಾಗ ಅಂಗಿಯ ಅಂಚಿನ ಮೇಲೇ ಕಾಲಿಡುವಂತಾಗುತ್ತದೆ.

ಬಟ್ಟೆ ಅವರಲ್ಲೂ ಇದೆ. ಬಿಳಿ ಟೆರಿಕಾಟ್ ಒಳ್ಳೆಯದೇ, ಸುಕ್ಕು ಕಡಿಮೆ. ಶುದ್ಧ ಹತ್ತಿ ಬೇಕೆನ್ನುವವರು ತಾವೇ ಒಯ್ಯಿರಿ. 5 ಅಡಿ 2 ಇಂಚು ಎತ್ತರದವರಿಗೆ 60 ಇಂಚು ಪನ್ನದ (ಅಗಲದ) ಬಟ್ಟೆಯಾದರೆ ಮೂರೂವರೆ ಮೀಟರ್, 44 ಇಂಚಿನದಾದರೆ 5 ಮೀಟರ್ ಸಾಕು. ಕತ್ತರಿಸುವ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಲೇಬೇಕು. 54 ಇಂಚಿನ ಉದ್ದದಲ್ಲಿ ಹತ್ತಿ ಒಂದೂವರೆಯಿಂದ ಎರಡೂವರೆ ಇಂಚು ಕುಗ್ಗಬಹುದು. ಅಂಗಡಿಯವರು ನೆನೆಸುವುದಿಲ್ಲ. ಬಿಳಿ ಬಟ್ಟೆಯಡಿ ಬಣ್ಣದ ರವಿಕೆ ಎದ್ದು ಕಾಣುವುದರಿಂದ ಮೊಣಕಾಲಿನವರೆಗೆ ಮಲ್ ಬಟ್ಟೆಯ ಲೈನಿಂಗ್ ಕೊಡಿಸಿ. ಪೂರ್ತಿ ಲೈನಿಂಗ್ ಬೇಡ, ಬೆವರು ಆರುವುದಿಲ್ಲ.

ತೋಳಿನ ಬಾಯಿ 10 ಇಂಚು ಸುತ್ತಳತೆಗಿಂತ ಹೆಚ್ಚಾದರೆ ಪಾನಪಾತ್ರೆ ಎತ್ತುವಾಗ ದ್ರಾಕ್ಷಾರಸಕ್ಕೆ ತಾಗುತ್ತದೆ. 8ಕ್ಕಿಂತ ಕಡಿಮೆಯಾದರೆ ದೀಕ್ಷಾಸ್ನಾನಕ್ಕೆ ಮಗುವನ್ನು ಎತ್ತಿಕೊಂಡು ನೀರು ಹಾಕುವಾಗ ಮೇಲೆ ಮಡಚಲು ಬರುವುದಿಲ್ಲ. ಕಂಕುಳಿಗೆ 3 ಇಂಚಿನ ಚೌಕದ ತುಂಡು ಕೊಡಿಸಿದರೆ ಎರಡೂ ಕೈ ಎತ್ತಿದಾಗ ಅಂಗಿ ಮೇಲೇಳುವುದಿಲ್ಲ. ಈ ತುಂಡಿನ ಕೆಲಸದಲ್ಲಿ ಇಲ್ಲಿನ ಕೈ ನಿಜಕ್ಕೂ ಪಳಗಿದೆ.

ಮೈಕಿನ ಮಾತು ಯಾರೂ ಎತ್ತುವುದಿಲ್ಲ. ಕಾಲರ್ ಮೈಕಿನ ಪೆಟ್ಟಿಗೆಯನ್ನು ಗಂಡಸರು ಪ್ಯಾಂಟಿನ ಬೆಲ್ಟಿಗೆ ಸಿಕ್ಕಿಸುತ್ತಾರೆ, ಅವರ ಅಂಗಿಯ ಬದಿಯಲ್ಲಿ ಕೈ ತೂರಲು ಸೀಳು ಇರುತ್ತದೆ. ಸೀರೆಗೆ ಬೆಲ್ಟ್ ಇಲ್ಲ. ಲಂಗದ ಲಾಡಿಗೆ ಸಿಕ್ಕಿಸಿದರೆ ಪೆಟ್ಟಿಗೆಯ ಭಾರಕ್ಕೆ ನೆರಿಗೆ ಜಾರುತ್ತದೆ. ನಿಲುವಂಗಿಯ ಬಲಬದಿಯ ಒಳಗೆ, ಸೊಂಟದ ಮಟ್ಟದಲ್ಲಿ, 4 ಇಂಚು ಅಗಲ 5 ಇಂಚು ಆಳದ ಜೇಬು ಹೊಲಿಸಿ, ವೈರಿಗೆ ಮುಂಪಟ್ಟಿಯ ಒಳಗೆ ಎರಡು ಕಡೆ ದಾರದ ಕುಣಿಕೆ ಹಾಕಿಸಿ. ಬೇಕೆಂದರೆ ಮಾಡಿಕೊಡುತ್ತಾರೆ.

ಚಿಕ್ಕ ವಯಸ್ಸಿನ ಸಭಾಪಾಲಕಿಯರು ಬದಿಯ ಹೊಲಿಗೆಯಲ್ಲಿ ಒಂದೊಂದು ಕಡೆ 2 ಇಂಚು ಮಿಗಿಸಿ ಇಡಿಸುವುದು ಒಳ್ಳೆಯದು. ನಾಲ್ಕೂ ಅಂಚು ಬಿಚ್ಚಿದರೆ ಸುತ್ತಳತೆಯಲ್ಲಿ 8 ಇಂಚಿನವರೆಗೆ ಸಿಗುತ್ತದೆ, ಗರ್ಭಿಣಿಯಾದಾಗ ಏಳನೇ ತಿಂಗಳವರೆಗೂ ಅದೇ ಅಂಗಿಯಲ್ಲಿ ಆರಾಧನೆ ನಡೆಸಬಹುದು. ಹಾಲೂಡಿಸುವ ತಾಯಿಗೆ ಮುಂದೆ ಬಟನ್ ಇರುವ ಅಂಗಿಯೇ ಅನುಕೂಲ. ಇದನ್ನು ಅಂಗಡಿಯಲ್ಲಿ ಹೇಳಿಕೊಳ್ಳಲು ಸಂಕೋಚ ಬೇಡ. ಅಳತೆ ಹಿಡಿಯಲು ಹೆಂಗಸರೊಬ್ಬರಿದ್ದಾರೆ.

‘ಸೀರೆ ಮೇಲೆ ಸ್ಟೋಲ್ ಹಾಕಿದರೆ ಸಾಕಲ್ಲ, ನಿಲುವಂಗಿ ಯಾಕೆ’ ಎಂಬ ಮಾತು ಸಭೆಯ ಹಿರಿಯರಿಂದ ಬಂದೇ ಬರುತ್ತದೆ. ಸ್ಟೋಲ್ ಎಂದರೆ ದೀಕ್ಷೆ ಆದವರು ಹೆಗಲ ಮೇಲಿಂದ ತೊಡುವ ಉದ್ದನೆಯ ಪಟ್ಟಿ. ಸೀರೆ, ಸ್ಟೋಲ್ ಎರಡೇ ತೊಟ್ಟು ಸೇವೆ ನಡೆಸುವುದು ಚಂದವೂ ಹೌದು, ಸರಿಯೂ ಹೌದು. ಆದರೆ ಆಯ್ಕೆ ತೊಡುವವರದಾಗಿರಬೇಕು. ಹಲವು ಸಲ ಆ ಮಾತಿನ ಅಡಿಯಲ್ಲಿರುವುದು ಬಟ್ಟೆಯ ಪ್ರಶ್ನೆಯಲ್ಲ. ಹೆಂಗಸು ಪೀಠದಲ್ಲಿ ನಿಲ್ಲಲಿ, ಆದರೆ ಗುರುವಿನಂತೆ ಕಾಣುವುದು ಬೇಡ ಎಂಬ ಹಿಂಜರಿಕೆ ಅದು. ವಿರೋಧಿಸುವವರು ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯ 2:12 ತೋರಿಸುತ್ತಾರೆ, ಉಪದೇಶ ಮಾಡುವುದಕ್ಕೆ ಹೆಂಗಸಿಗೆ ಅಪ್ಪಣೆಯಿಲ್ಲ ಎನ್ನುವ ವಚನ. ಅದನ್ನು ಮನಸಾರೆ ನಂಬಿ ಹೇಳುವವರೂ ಇದ್ದಾರೆ, ಅವರ ಭಕ್ತಿಯನ್ನು ಹಗುರವಾಗಿ ಕಾಣಬಾರದು. ಆದರೆ ಅದೇ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೇ ಅಧ್ಯಾಯದ ಮೊದಲ ವಚನದಲ್ಲಿ ಫೊಯಿಬೆಯನ್ನು ಕೆಂಖ್ರೆಯ ಸಭೆಯ ‘ದಿಯಾಕೊನೊಸ್’ (ಸೇವಕ) ಎಂದು ಕರೆಯುತ್ತಾನೆ. ಕೊರಿಂಥದವರಿಗೆ ಬರೆಯುವಾಗ ತನಗೂ ಅಪೊಲ್ಲೋಸನಿಗೂ ಬಳಸುವ ಗ್ರೀಕ್ ಪದ ಅದೇ. ಸಿಎಸ್‌ಐ ಈ ಎರಡನ್ನೂ ಓದಿಯೇ ದೀಕ್ಷೆಗೆ ಒಪ್ಪಿದ ಸಭೆ. ಬಿಷಪರು ತಲೆಯ ಮೇಲೆ ಕೈಯಿಟ್ಟು ಕೊಡುವ ದೀಕ್ಷೆ ಗಂಡಿಗೂ ಹೆಣ್ಣಿಗೂ ಒಂದೇ ಆಗಿರುವಾಗ, ಆ ಹುದ್ದೆಯ ಅಂಗಿ ಮೈಗೆ ಹೊಂದುವಂತೆ ಕೇಳುವುದು ಆಡಂಬರವಲ್ಲ.

ಸ್ಟೋಲ್ ಮಾತ್ರ ಈ ಅಂಗಡಿಯಲ್ಲಿ ಕೊಳ್ಳಬೇಡಿ. ಇಟ್ಟಿರುವವು ಒಂದೊಂದು ಬದಿಗೆ 54ರಿಂದ 56 ಇಂಚಿನವು, ಆರಡಿ ಎತ್ತರದ ಗಂಡಸರಿಗೆ ಮಾಡಿದವು. 5 ಅಡಿ 2 ಇಂಚಿನವರ ಪಾದದ ಹತ್ತಿರಕ್ಕೆ ಬಂದು ಮೆಟ್ಟಿಲು ಹತ್ತುವಾಗ ಕಾಲಿಗೆ ಸಿಗುತ್ತವೆ. ಬದಿಗೆ 44ರಿಂದ 46 ಇಂಚು ಇದ್ದರೆ ಮೊಣಕಾಲಿನ ಕೆಳಗೆ ನಿಲ್ಲುತ್ತದೆ. ಕುತ್ತಿಗೆಯ ಹಿಂದೆ ನೇರ ಪಟ್ಟಿಯಾಗಿ ಹೊಲಿದಿರುವುದೂ ತಪ್ಪೇ. ಇಳಿಜಾರಾದ ಕಿರಿದು ಭುಜದಿಂದ ಅದು ಜಾರುತ್ತಲೇ ಇರುತ್ತದೆ. ಹಿಂದೆ ‘ವಿ’ ಆಕಾರದಲ್ಲಿ ಕೂಡಿಸಿ, ಎದೆಯ ಮಟ್ಟದಲ್ಲಿ ಒಳಗಡೆ ಒಂದು ಕೊಂಡಿ ಹಾಕಿಸಿದರೆ ಕೂರುತ್ತದೆ.

ಇದಕ್ಕೆ ನಮ್ಮೂರಿನ ಕೈಮಗ್ಗವೇ ಇರುವಾಗ ಹೊರಗೆ ಹುಡುಕುವುದು ಯಾಕೆ? ಕಾಸರಗೋಡು ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, 1938ರಲ್ಲಿ ಶುರುವಾದ ನೇಕಾರರ ಸಹಕಾರ ಸಂಘವಿದೆ. ಆ ಹತ್ತಿ ಬಟ್ಟೆ ನಿಲುವಂಗಿಗೆ ತೆಳುವಾಯಿತು, ಸ್ಟೋಲಿಗೆ ಒಳಗೆ ಕ್ಯಾನ್ವಾಸ್ ಕೊಟ್ಟರೆ ಬಹಳ ಚೆನ್ನಾಗಿ ನಿಲ್ಲುತ್ತದೆ. ಆಗಮನ ಕಾಲಕ್ಕೂ ಲೆಂಟಿಗೂ ನೇರಳೆ, ಪಂಚಾಶತ್ತಮಕ್ಕೆ ಕೆಂಪು, ಕ್ರಿಸ್ಮಸ್ಸಿಗೂ ಈಸ್ಟರಿಗೂ ಬಿಳಿ, ಉಳಿದ ಭಾನುವಾರಗಳಿಗೆ ಹಸುರು. ಹಣ ಸಾಲದಿದ್ದರೆ ಮೊದಲು ಬಿಳಿ, ಹಸುರು ಎರಡೇ ಮಾಡಿಸಿ. ದೀಕ್ಷೆ ಎರಡು ಹಂತದ್ದು, ಮೊದಲು ಡೀಕನ್ (ಸೇವಕ ದರ್ಜೆ), ಆಮೇಲೆ ಪ್ರೆಸ್ಬಿಟರ್ (ಪೂರ್ಣ ಗುರು). ಡೀಕನ್ ಆದವರು ಸ್ಟೋಲನ್ನು ಎಡಭುಜದಿಂದ ಬಲಸೊಂಟಕ್ಕೆ ಅಡ್ಡ ಹಾಕುತ್ತಾರೆ, ಪ್ರೆಸ್ಬಿಟರ್ ಎರಡೂ ಬದಿಗೆ ನೇರ ಇಳಿಬಿಡುತ್ತಾರೆ. ತೊಡುವ ರೀತಿ ಮಾತ್ರ ಬೇರೆ, ಎರಡು ಹಂತಕ್ಕೆ ಬೇರೆ ಬೇರೆ ಸ್ಟೋಲ್ ಬೇಡ. ಮೊದಲ ಹಂತಕ್ಕೆ ಕೊಂಡಿ ಸೊಂಟದ ಹತ್ತಿರ ಹಾಕಿಸಿ, ಎರಡನೆಯದಕ್ಕೆ ಬಿಚ್ಚಿ ಎದೆಯ ಮಟ್ಟಕ್ಕೆ ಬದಲಿಸಿದರಾಯಿತು.

ಹೇಳಿದ ದಿನಕ್ಕೆ ಬಟ್ಟೆ ಸಿಗುವುದಿಲ್ಲ, ಅದು ಈ ಅಂಗಡಿಯ ದೊಡ್ಡ ದೋಷ. ಡಿಸೆಂಬರಿನಲ್ಲೂ ಪವಿತ್ರ ವಾರದ ಮುಂಚೆಯೂ ಆರ್ಡರ್ ಗುಡ್ಡೆ ಬಿದ್ದಿರುತ್ತದೆ. ದೀಕ್ಷೆಗೆ ಒಂದು ತಿಂಗಳ ಮೊದಲೇ ಬಟ್ಟೆ ಕೊಡಿ, ಕಚ್ಚಾ ಹೊಲಿಗೆ ಹಾಕಿದಾಗ ಒಮ್ಮೆ ಟ್ರಯಲ್ ಕೇಳಿ. ಟ್ರಯಲಿನಲ್ಲಿ ಸುಮ್ಮನೆ ಕನ್ನಡಿ ಮುಂದೆ ನಿಲ್ಲಬೇಡಿ. ಎರಡೂ ಕೈ ಎತ್ತಿ, ಮೊಣಕಾಲೂರಿ ಎದ್ದು, ಬಗ್ಗಿ ಒಂದು ಲೋಟ ಎತ್ತಿ ನೋಡಿ. ತಪ್ಪು ಕಂಡರೆ ಆಗಲೇ ಹೇಳಿ, ಬೇಸರಿಸದೆ ಬಿಚ್ಚಿ ಹೊಲಿಯುತ್ತಾರೆ, ಆ ಗುಣ ಅವರದ್ದು ದೊಡ್ಡದು.

ಮಳೆಗಾಲದಲ್ಲಿ ಬಿಳಿ ಅಂಗಿಯನ್ನು ಅರ್ಧ ಒಣಗಿದ್ದಾಗ ಕಪಾಟಿಗೆ ಹಾಕಿದರೆ ಕಾಲರಿನ ಒಳಗೆ ಕರಿಚುಕ್ಕೆಯ ಬೂಷ್ಟು ಬರುತ್ತದೆ, ಅದು ಹೋಗುವುದಿಲ್ಲ. ಇಸ್ತ್ರಿ ಹಾಕಿ ಪೂರ್ತಿ ಆರಿದ ಮೇಲೇ ಇಡಬೇಕು. ಇನ್ನು ಅಂಗಿ ತರುವ ದಿನ ಕತ್ತರಿಸಿದ ಕಾಗದದ ಪ್ಯಾಟರ್ನನ್ನು ಕೇಳಿ, ಒಂದು ಪ್ರತಿ ಮನೆಗೆ ತನ್ನಿ, ಇನ್ನೊಂದರ ಮೇಲೆ ‘ಲೇಡಿ ಪಾಸ್ಟರ್’ ಎಂದು ದಪ್ಪಕ್ಷರದಲ್ಲಿ ಬರೆಸಿ ಅಚ್ಚನದು, ಸಿಸ್ಟರದು ತೂಗಿರುವ ಅದೇ ಮೊಳೆಗೆ ಹಾಕಿಸಿ ಬನ್ನಿ.